ಕುಡಿಯದವರು ಮಾಡಿದ ವೈನು

ನಮ್ಮ ಭಾವನವರಷ್ಟು ವೈನ್ ಮಾಡಿದವರು ನಮ್ಮ ಮೂರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಕಡಿಮೆ ಕುಡಿದವರೂ ಇಲ್ಲ. ಕಡಿಮೆ ಎಂದರೆ ಎಷ್ಟು ಅಂತೀರಿ? ಒಂದು ಹನಿಯೂ ಇಲ್ಲ! ಹದಿನಾರು ವರ್ಷ ದ್ರಾಕ್ಷಿ ಬೆಳೆದು, ಹಿಂಡಿ, ಹುದುಗಿಸಿ, ಬಾಟಲಿಗೆ ತುಂಬಿಸಿ ಕಳಿಸಿದ ಮನುಷ್ಯನಿಗೆ ವೈನ್ ಎಂದರೆ ಸಿಹಿಯೋ ಹುಳಿಯೋ ಗೊತ್ತಿಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಅಚ್ಚ ಬಿಳಿ ವಿಭೂತಿ, ಬಗಲಲ್ಲಿ ಮದ್ಯ ತಯಾರಿಕೆಯ ಲೈಸೆನ್ಸಿನ ಫೈಲು. ಮೊದಲ ಸಲ ಪರಿಶೀಲನೆಗೆ ಬಂದ ಅಧಿಕಾರಿ ಇವರನ್ನು ಯಾವುದೋ ಮಠದವರೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರಂತೆ!

ಈ ವರ್ಷ ಅದೇ ಭಾವನವರ ಮುಂದೆ ನಮ್ಮ ಮನೆತನವೆಲ್ಲ ಕೈಮುಗಿದು ನಿಂತಿತು. ಒಂದು ಟಾಕಿ ವೈನಿನ ಸಲುವಾಗಿ. ಅದನ್ನು ತೆಗೆಯಿರಿ, ಕೆಡುತ್ತದೆ ಎಂದು ನಾವು. ಇರಲಿ ಬಿಡು ಎಂದು ಅವರು. ಆ ಟಾಕಿಯ ಕತೆ ಹೇಳಬೇಕೆಂದರೆ ಗುಡ್ಡದಿಂದ ಶುರು ಮಾಡಬೇಕು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ನಮ್ಮ ಮನೆತನದ್ದು ಜವಳಗೇರಾದ ಹತ್ತಿರ ಕಾಲುವೆ ನೀರಿನ ಗದ್ದೆ. ಎರಡು ಬೆಳೆ, ಕಣ್ಣು ಹಾಯಿಸಿದಷ್ಟೂ ಹಸಿರು. ಪಾಲಾದ ಮರುವರ್ಷವೇ ಭಾವನವರು ತಮ್ಮ ಪಾಲಿನ ಗದ್ದೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಅದರ ಬದಲಿಗೆ ಮಸ್ಕಿ ದಾಟಿ ಮುದಗಲ್ ಕಡೆ ಹೋಗುವ ದಾರಿಯಲ್ಲಿ ಒಂದು ಗುಡ್ಡವನ್ನು ತೆಗೆದುಕೊಂಡರು. ಗುಡ್ಡವೆಂದರೆ ಯಾರೋ ರಾಕ್ಷಸರ ಮಕ್ಕಳು ಗುಂಡುಕಲ್ಲು ಪೇರಿಸುತ್ತ ಆಡಿ, ತಾಯಿ ಊಟಕ್ಕೆ ಕರೆದಳೆಂದು ಅರ್ಧಕ್ಕೇ ಬಿಟ್ಟು ಹೋದ ಹಾಗಿತ್ತು.

"ಅಣ್ಣಾ, ಅಲ್ಲಿ ಆಡೂ ಹತ್ತಂಗಿಲ್ಲ," ಎಂದರು ನನ್ನ ಯಜಮಾನರು.

"ಆಡು ಹತ್ತಿದ್ರ ಬಳ್ಳಿ ತಿಂತಾವಲೇ. ಹತ್ತಲಾರದ್ದೇ ಚಲೋ!"

"ನೀರು ನಿಂತ ಭೂಮಿ ಬಿಟ್ಟು ಕಲ್ಲು ತಗೊಂಡಾನಂತ ಮಂದಿ ನಗಾಕತ್ತಾರ."

"ನಗಲಿ. ನಿಂತ ನೀರು ನೋಡಿದ್ರ ನನಗ ನಿದ್ದಿ ಬರ್ತೈತಿ."

ಭಾವನವರು ಕಲ್ಲುಗಳ ನಡುವೆ ಗುಂಡಿ ತೋಡಿ, ಕೆಳಗಿನ ಕೆರೆಯ ಮಣ್ಣು ಹೊರಿಸಿ ತುಂಬಿ, ಗುಡ್ಡದ ಮೈಗೆ ಸುತ್ತು ಸುತ್ತಾಗಿ ಬಳ್ಳಿ ಹಚ್ಚಿಸಿದರು. ಬಳ್ಳಿ ಬಂತು. ಬೇಸಿಗೆಯೂ ಬಂತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಹಂಚಿನ ಮೇಲೆ ರೊಟ್ಟಿಯ ಬದಲು ನಾವೇ ಇದ್ದ ಹಾಗೆ! ಪಡುವಣ ಬಿಸಿಲಿಗೆ ಚಿಗುರು ಸುಡತೊಡಗಿದಾಗ ಭಾವನವರು ಹೆಂಡತಿಯ ಹಳೆಯ ಸೀರೆಗಳನ್ನು ಸಾಲುಗಳ ಪಡುವಣಕ್ಕೆ ಪರದೆಯಾಗಿ ಕಟ್ಟಿದರು. ಮುದಗಲ್ ಬಸ್ಸಿನಲ್ಲಿ ಹೋಗುವವರಿಗೆ ಗುಡ್ಡದ ತುಂಬ ಇಳಕಲ್ ಸೀರೆ ಒಣಹಾಕಿದಂತೆ ಕಾಣುತ್ತಿತ್ತು. ನನಗೆ ಇಂಥ ಸಣ್ಣಸಣ್ಣವು ಬೇಗ ಕಣ್ಣಿಗೆ ಬೀಳುತ್ತವೆ: ಮೂರನೆಯ ಸಾಲಿನಲ್ಲಿದ್ದ ಮಾವಿನಕಾಯಿ ಬಣ್ಣದ್ದು ಅಕ್ಕ ನನ್ನ ಮದುವೆಯಲ್ಲಿ ಉಟ್ಟಿದ್ದು.

ಅಕ್ಕ ಎಂದರೆ ಭಾವನವರ ಹೆಂಡತಿ, ನನ್ನ ನೆಗೆಣ್ಣಿ. ಭಾರೀ ದನಿ, ಸಣ್ಣ ಮೈ. ನಾನು ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳೆಂದು ಭಾವನವರು ಮದುವೆಯಾದ ದಿನದಿಂದ ನನ್ನನ್ನು "ಕಾನ್ವೆಂಟು" ಎಂದೇ ಕರೆಯುವುದು. ಅಕ್ಕ ಮಾತ್ರ, "ಹಂಗ ಕರೀಬ್ಯಾಡ್ರಿ, ಆ ಹುಡುಗಿ ತಾನೊಂದು ಕಟ್ಟಡ ಅಂತ ತಿಳ್ಕೊಂಡೀತು," ಎಂದು ನನ್ನ ಪರ ವಹಿಸುತ್ತಿದ್ದಳು.

ಟಾಕಿಮನೆಯ ಉಸ್ತುವಾರಿಗೆ ಭಾವನವರು ಪಾಮನಕಲ್ಲೂರಿನ ಹುಸೇನಸಾಬರನ್ನು ಇಟ್ಟುಕೊಂಡರು. ಮೊದಲು ಬಾವಿ ತೋಡುತ್ತಿದ್ದವರು, ಕೆಲಸದಲ್ಲಿ ಅಚ್ಚುಕಟ್ಟು, ಐದು ಹೊತ್ತು ನಮಾಜು. ಅಂದರೆ ಅವರೂ ಮುಟ್ಟುವುದಿಲ್ಲ! ಮಾಲೀಕ ಕುಡಿಯುವುದಿಲ್ಲ, ಮೇಸ್ತ್ರಿ ಕುಡಿಯುವುದಿಲ್ಲ. ವೈನ್ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಭಾವನವರು ಕಿವಿಯಿಂದ ತಿಳಿಯುತ್ತಿದ್ದರು. ಸ್ಟೀಲಿನ ಲೋಟವೊಂದನ್ನು ಟಾಕಿಯ ಹೊಟ್ಟೆಗೆ ಒತ್ತಿ, ಅದಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಒಳಗೆ ರಸ ಹುದುಗುವ ಗುಳುಗುಳು.

"ಒಂದನೇದು ಮಾತಾಡಾಕತ್ತೈತಿ. ಎರಡನೇದಕ್ಕ ಸಿಟ್ಟು ಬಂದೈತಿ ಹುಸೇನಾ."

"ಸಿಟ್ಟಲ್ಲರೀ ಸಾವಕಾರ್ರ, ಅದಕ್ಕ ಸೆಕಿ. ಮ್ಯಾಲೆ ತಂಪು ಗೋಣಿ ಹೊಚ್ಚೋಣ."

ಮೊದಲ ವರ್ಷದ ವೈನ್ ಮಾತು ನಿಲ್ಲಿಸಿ ಸುಮ್ಮನಾಯಿತು. ಈಗ ಯಾರಾದರೂ ಬಾಯಿಗೆ ಹಾಕಿಕೊಂಡು ನೋಡಲೇಬೇಕು. ಕೂಲಿಯವರಿಗೆ ಕೊಟ್ಟರೆ ಎಲ್ಲದಕ್ಕೂ "ಮಸ್ತ್ ಐತ್ರಿ" ಎಂದು ಇನ್ನೊಂದು ಲೋಟ ಚಾಚಿದರು. ನನ್ನ ಯಜಮಾನರಿಗೆ ಹೇಳಿದರೆ ಅಂದೇ ಬೈಕ್ ಹತ್ತಿ ಸಿಂಧನೂರಿನ ನಮ್ಮ ಮನೆಗೆ ಓಡಿಬಂದರು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿರುವಾಗ ಅಕ್ಕ ಅಡುಗೆ ಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ಸಾರಿನ ಉಪ್ಪು ನೋಡುವ ಹಾಗೆ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು, ನೆಕ್ಕಿ, ಬಾಗಿಲ ಹೊರಗೆ ಉಗುಳಿ ಬಂದು ಹೇಳಿದಳು:

"ಇನ್ನ ಹದಿನೈದು ದಿನ ಬೇಕು. ಈಗ ಬರೇ ಹಣ್ಣಿನ ಸಿಪ್ಪಿ ರುಚಿ ಐತಿ."

ಹದಿನೈದು ದಿನ ಬಿಟ್ಟರು. ಆ ವೈನ್ ಹೆಸರಾಯಿತು! ಅಂದಿನಿಂದ ಹದಿನಾರು ವರ್ಷ ಆ ಗುಡ್ಡದ ನಾಲಗೆ ಅಕ್ಕನದೇ. "ದೇವರಿಗೇನು ಹೇಳ್ತಿ ಅಕ್ಕಾ?" ಎಂದು ನಾನು ಒಮ್ಮೆ ಮೆಲ್ಲಗೆ ಕೇಳಿದ್ದೆ. "ಪೂಜಾ ಮಾಡುವಾಗ ಹೇಳಿಬಿಟ್ಟೀನಬೇ. ಇದು ಕೆಲಸ, ಶೋಕಿ ಅಲ್ಲ ಅಂತ. ಸುಮ್ಮನದಾನ ಶಿವ. ಒಪ್ಪಿರಬೇಕು."

ಹೆಸರಿಡುವ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಮನೆತನದ ವೈನ್ ಆದ್ದರಿಂದ ಮನೆಯವರೊಬ್ಬರ ಹೆಸರನ್ನೇ ಬಾಟಲಿಗೆ ಇಡಬೇಕೆಂದು ಭಾವನವರ ಆಸೆ. ಎಲ್ಲರನ್ನೂ ಕೂಡಿಸಿ ನೋಡಿದರೆ ಮನೆಯ ನಲವತ್ತು ಮಂದಿಯ ಹೆಸರೂ ದೇವರದೋ ಶರಣರದೋ! ಯಾವ ಹೆಸರು ಹೇಳಿದರೂ ಯಾರಾದರೂ ಕೆನ್ನೆ ಬಡಿದುಕೊಳ್ಳುವವರೇ. ಕೊನೆಗೆ ಟಾಕಿಯ ನಂಬರೇ ವೈನಿನ ಹೆಸರಾಯಿತು: ಒಂದನೇದು, ಎರಡನೇದು, ಮೂರನೇದು. ಚೀಟಿಗಳನ್ನು ಮೊದಮೊದಲು ಕಾನ್ವೆಂಟಿನ ದುಂಡು ಅಕ್ಷರದಲ್ಲಿ ನಾನೇ ಬರೆದದ್ದು. ಲಿಂಗಸುಗೂರಿನ ಅಂಗಡಿಯವನು ಫೋನು ಮಾಡಿ ಗೋಳಾಡಿದ: "ಸಾವಕಾರ್ರ, ಮಂದಿ ಬಂದು ಎರಡನೇ ನಂಬರ್ ಕೊಡು ಅಂತಾರ. ಬಾಜೂ ನಿಂತವ್ರು ನಾ ಏನ್ ಧಂದೆ ಮಾಡಾಕತ್ತೀನಿ ಅಂತ ನೋಡಾಕತ್ತಾರ್ರೀ!"

ಹೈದರಾಬಾದಿನ ಹೋಟೆಲೊಂದರಿಂದ ಇಬ್ಬರು ಬಂದಿದ್ದರು, ಸೂಟು ಬೂಟು. ಗಾಜಿನ ಲೋಟವನ್ನು ತಿರುಗಿಸಿದರು, ಬೆಳಕಿಗೆ ಹಿಡಿದರು, ಮೂಗನ್ನು ಒಳಗೇ ಇಳಿಸಿದರು. ಭಾವನವರು ಎದುರಿಗೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ನಾನು ಚಹಾ ಕೊಡುವ ನೆವದಲ್ಲಿ ಬಗ್ಗಿ ನೋಡಿದೆ: "ದಪ್ಪನವನು: ಎಡ ಹುಬ್ಬು ಮೇಲೆ. ಸಣ್ಣವನು: ಎರಡೂ ಹುಬ್ಬು ಮೇಲೆ, ಆಮೇಲೆ ಕೆಳಗೆ." ಅವರಿಗೆ ರುಚಿ ಗೊತ್ತಾಗುವುದು ಹೀಗೆ, ಪರರ ಹುಬ್ಬಿನಿಂದ!

"ಈ ವೈನಿನ ಗುಣ ನೀವೇ ಹೇಳಿದರೆ ಮೆನು ಕಾರ್ಡಿಗೆ ಹಾಕುತ್ತೇವೆ," ಎಂದರು ದಪ್ಪನವರು.

"ನನಗೇನ್ ಗೊತ್ರೀ? ಮನ್ಯಾಕಿನ್ನ ಕೇಳ್ರಿ."

ಅಡುಗೆ ಮನೆಯ ಬಾಗಿಲ ಹಿಂದಿನಿಂದ ಅಕ್ಕನ ಭಾರೀ ದನಿ: "ಮುಂದ ಹುಳಿ ಬರ್ತೈತಿ, ಹಿಂದ ಸಿಹಿ ಬರ್ತೈತಿ. ಆಮ್ಯಾಲೆ ಇಬ್ಬರೂ ಜಗಳ ಬಿಟ್ಟು ಸುಮ್ಮನಾಗ್ತಾರ."

ಇಬ್ಬರೂ ಅದನ್ನು ಹಾಗೆಯೇ ಬರೆದುಕೊಂಡು ಹೋದರು.

ಇದೆಲ್ಲ ನಗುವ ಮಾತು. ನಗಲಾರದ್ದೂ ಒಂದಿದೆ, ಅದನ್ನು ಬಿಟ್ಟು ಹೇಳಿದರೆ ನಾನು ಸುಳ್ಳಿ ಆಗುತ್ತೇನೆ. ಅಕ್ಕ ವೈನ್ ಬಾಯಿಗೆ ಹಾಕುತ್ತಾಳೆಂಬುದು ಬಳಗಕ್ಕೆಲ್ಲ ಗೊತ್ತಾಗಿತ್ತು. ಉಗುಳುತ್ತಾಳೆಂಬುದು ಯಾರಿಗೂ ಗೊತ್ತಾಗಲಿಲ್ಲ! ಇಂಥ ಸುದ್ದಿ ಬಸ್ಸು ಹತ್ತುವಾಗ ಅರ್ಧ ಭಾಗವನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಬರುತ್ತದೆ. ಸಿಂಧನೂರಿನ ನಮ್ಮ ಮನೆಯಲ್ಲಿ ನನ್ನ ಮಗಳ ಹೆಸರಿಡುವ ದಿನ ಅಕ್ಕ ಹೋಳಿಗೆ ಬಡಿಸಲೆಂದು ಬುಟ್ಟಿ ಎತ್ತಿಕೊಂಡಳು. ನಮ್ಮ ಸೋದರತ್ತೆ ಬುಟ್ಟಿಯನ್ನು ಇಸಿದುಕೊಂಡು, "ನೀ ದೂರದಿಂದ ಬಂದೀದಿ, ಕುಂದ್ರು. ಅಂಗಳದಾಗ ಗಾಳಿ ಚಲೋ ಬರ್ತೈತಿ," ಎಂದರು. ಅಂಗಳದಲ್ಲಿ, ಕೈ ತೊಳೆಯುವ ನಳದ ಹತ್ತಿರ, ಅಕ್ಕನಿಗೊಂದು ಬೇರೆ ತಾಟು. ಒಳಗೆ ಮೊದಲ ಸಾಲಿನಲ್ಲಿ, ಸ್ವಾಮಿಗಳ ಪಕ್ಕದಲ್ಲೇ ಭಾವನವರು. ಮಾಡುವವರಿಗೆ ಮರ್ಯಾದೆ, ರುಚಿ ನೋಡಿದವಳಿಗೆ ಅಂಗಳ! ಆ ತಾಟನ್ನು ಹೊತ್ತುಕೊಂಡು ಹೋಗಿ ಅಲ್ಲಿಟ್ಟವಳು ನಾನೇ. ಮೃದು ಸ್ವಭಾವದವಳೆಂದು ನನಗೆ ಶಾಲೆಯಲ್ಲಿ ಬಹುಮಾನ ಬಂದಿತ್ತು. ಮೃದು ಸ್ವಭಾವದವರು ಯಾರು ಏನು ಕೊಟ್ಟರೂ ಹೊತ್ತುಕೊಂಡು ಹೋಗುತ್ತಾರೆ.

ಅಕ್ಕ ನಕ್ಕಳು. "ಗಾಳಿ ಖರೇನೇ ಚಲೋ ಐತಿ ಬಿಡು," ಎಂದಳು. ಭಾವನವರು ಒಳಗೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವರಿಗೆ ಕಾಣಲಿಲ್ಲವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಕೊಯ್ಲಾಯಿತು. ಮೂರನೇ ಟಾಕಿಗೆ ಹೋಗುವ ಮೇಲಿನ ಸಾಲುಗಳನ್ನು ಅಕ್ಕ ಕೂಲಿಯವರಿಗೆ ಬಿಡದೆ ತಾನೇ ಕೊಯ್ದಳು, ಉಪವಾಸದ ಹೊಟ್ಟೆಯಲ್ಲಿ. ಯುಗಾದಿಗೆ ಒಂದನೇದು, ಎರಡನೇದು ರುಚಿ ನೋಡಿ ಸೈ ಎಂದಳು. ಮೂರನೇದು ಇನ್ನೂ ಮಾತಾಡುತ್ತಿತ್ತು. "ಇದು ಹಟಮಾರಿ. ಇನ್ನೊಂದು ಎಂಟು ದಿನ," ಎಂದಳು. ನಾಲ್ಕನೆಯ ದಿನ ಮಧ್ಯಾಹ್ನ, ಹೊಸ್ತಿಲ ಮೇಲೆ ಕೂತು ಜೋಳದಲ್ಲಿನ ಕಲ್ಲು ಆರಿಸುತ್ತಿದ್ದವಳು ಮೊರದ ಮೇಲೆ ಹಾಗೇ ವಾಲಿದಳಂತೆ. ಹೃದಯ ಎಂದರು ಡಾಕ್ಟರು. ಮೇಲಿನ ಸಾಲಿನ ತುದಿಯಲ್ಲಿ ಕೂಡಿಸಿ ಮಣ್ಣು ಕೊಟ್ಟೆವು.

ಆ ಬೇಸಿಗೆ ಸಾಲುಗಳಿಗೆ ಪರದೆ ಬೀಳಲಿಲ್ಲ. "ಸೀರಿ ಏಳು ಉಳದಾವು. ಬಿಸಿಲಿಗೆ ಕಟ್ಟಿದ್ರ ಹರೀತಾವು," ಎಂದು ಭಾವನವರು ಟ್ರಂಕಿಗೆ ಬೀಗ ಹಾಕಿದರು. ಪಡುವಣದ ಚಿಗುರೆಲ್ಲ ಕಂದಿತು. ಒಂದನೇದು, ಎರಡನೇದು ಬಾಟಲಿಯಾಗಿ ಹೋದವು. ಮೂರನೇದು ಮಾತು ನಿಲ್ಲಿಸಿ ಕಾಯುತ್ತ ಕೂತಿತು. ರುಚಿ ನೋಡುವ ನಾಲಗೆ ಎಲ್ಲಿಂದ ತರುವುದು?

ಮೊದಲು ನನ್ನ ಯಜಮಾನರು ಹೋದರು. "ಅಣ್ಣಾ, ಪುಣೆಯಿಂದ ರುಚಿ ನೋಡಾಕ ಮಂದಿ ಬರ್ತಾರಂತ. ಕರಸೋಣು?"

"ಆಕಿ ಕೊಯ್ದದ್ದನ್ನ ಯಾಂವೋ ಬಂದು ಬಾಯಿ ಮುಕ್ಕಳಿಸಿ ಉಗಳಬೇಕೇನು?"

"ಆಕಿನೂ ಉಗಳ್ತಿದ್ದಳಲ್ಲ!"

"ಆಕಿ ಉಗಳೂದು ಬ್ಯಾರೇನ ಇತ್ತು."

ಬಳಗದವರು ಒಬ್ಬೊಬ್ಬರಾಗಿ ಹೋಗಿ ಬಂದರು. ಸೋದರತ್ತೆ ಕೂಡ, "ಆಕಿ ಕೈಯಿಂದ ಆದದ್ದು ಹಾಳು ಮಾಡಬ್ಯಾಡಪಾ," ಎಂದು ಕಣ್ಣೊರೆಸಿಕೊಂಡರು. ಭಾವನವರು ಎಲ್ಲರಿಗೂ ಮಜ್ಜಿಗೆ ಕೊಟ್ಟು ಕಳಿಸಿದರು. ತಾವು ಮಾತ್ರ ಎರಡು ಹೊತ್ತು ಅರ್ಧರ್ಧ ರೊಟ್ಟಿ. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂಬಂತಾದರು.

ಶ್ರಾವಣದಲ್ಲಿ ಹುಸೇನಸಾಬರ ಫೋನು ಬಂತು. "ಅವ್ವಾರ, ನೀವರ ಬಂದು ಹೇಳ್ರಿ. ಸಾವಕಾರ್ರು ಮೂರನೇದರ ಮುಚ್ಚಳ ತಗದು, ಬಾಯಿಗೆ ಧೋತ್ರ ಕಟ್ಟಿಬಿಟ್ಟಾರ. ಗಾಳಿ ಹೊಕ್ಕಾಕತ್ತೈತಿ. ಅವರ ದಿಮಾಗ್ ಜಾಗಾದಾಗ ಇಲ್ಲ ನೋಡ್ರಿ." ಗಾಳಿ ಹೊಕ್ಕರೆ ವೈನ್ ಹುಳಿಯಾಗಿ ಸಿರ್ಕಾ ಆಗುತ್ತದೆ. ಹೋಟೆಲುಗಳಲ್ಲಿ ಉಳ್ಳಾಗಡ್ಡಿ ನೆನೆಸಿ ಕೊಡುತ್ತಾರಲ್ಲ, ಅದೇ ಸಿರ್ಕಾ. ಹದಿನಾರು ವರ್ಷ ಟಾಕಿಗೆ ಒಂದು ಸೊಳ್ಳೆಯನ್ನೂ ಬಿಡದ ಮನುಷ್ಯನಿಗೆ ಇದು ಗೊತ್ತಿಲ್ಲವೇ?

ನನಗೆ ಹೋಗುವ ಧೈರ್ಯ ಬಂದದ್ದು ದಸರೆ ಮುಗಿದ ಮೇಲೆ. ಮಸ್ಕಿಯಲ್ಲಿ ಬಸ್ಸು ಬದಲಿಸಿ, ಗುಡ್ಡದ ಬುಡದಲ್ಲಿ ಇಳಿದು ಹತ್ತಿದೆ. ಟಾಕಿಮನೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಮೂಗಿಗೆ ಘಾಟು ಹೊಡೆಯಿತು. ತಡವಾಗಿತ್ತು. ಅಕ್ಕನ ಕೈಯ ಕೊನೆಯ ಕೆಲಸ ಕೆಟ್ಟು ಹೋಗಿತ್ತು, ನಾನು ಹಬ್ಬದ ಚಕ್ಕುಲಿ ಕರಿಯುತ್ತ ಕೂತಿದ್ದೆ.

ಭಾವನವರು ಟಾಕಿಯ ಮುಂದೆ ಚಾಪೆ ಹಾಸಿ ಕೂತಿದ್ದರು. ಸ್ನಾನ, ಪೂಜೆ ಮುಗಿಸಿ ವಿಭೂತಿ ಧರಿಸಿದ್ದರು. ಧೋತ್ರದ ಮೇಲೆ ಸಣ್ಣ ಹುಳಿನೊಣಗಳು ಮುತ್ತಿದ್ದವು.

"ಬಾ ಕಾನ್ವೆಂಟು. ರೊಟ್ಟಿ ಬಡಿಯಾಕ ಬರ್ತೈತೇನು, ಇಲ್ಲ ನಿಮ್ಮ ಸಿಸ್ಟರ್‌ಗಳು ಕಲಿಸಿಲ್ಲೋ?"

ನನಗೆ ಸಿಟ್ಟು ಬಂತು. ನನ್ನ ಜನ್ಮದಲ್ಲಿ ಹಿರಿಯರ ಮೇಲೆ ದನಿ ಎತ್ತಿದವಳಲ್ಲ ನಾನು. "ಭಾವಾರ, ಇದನ್ನ ಯಾಕ ಕೆಡಿಸಿದ್ರಿ? ನೀವು ಬ್ಯಾಡಂದ್ರ ನಾನರ ರುಚಿ ನೋಡ್ತಿದ್ದೆ! ಅಕ್ಕನ ಕೈ ಇತ್ತು ಇದರಾಗ!"

"ಅದಕ್ಕ ಕೆಡಿಸೀನಿ," ಎಂದರು.

ಹುಸೇನಸಾಬರು ನನ್ನ ಮುಖ ನೋಡಿದರು. ನೋಡ್ರಿ, ನಾ ಹೇಳಲಿಲ್ಲೇನು, ಎಂಬ ಹಾಗೆ.

"ಹುಸೇನಾ, ಒಮ್ಮೆ ನೀನ ಹೇಳಿದ್ದಿ. ಮದ್ಯ ತಾನಾಗೇ ಸಿರ್ಕಾ ಆದ್ರ ನಿಮ್ಮಾಗ ತಿನ್ನಬಹುದು ಅಂತ."

"ಹೂನ್ರೀ. ತಾನಾಗೇ ಆದ್ರ ತಿನ್ನಬಹುದು. ಆಗ ಅದು ಮದ್ಯ ಅಲ್ಲ."

"ನಾ ಏನೂ ಬೆರಸಿಲ್ಲ, ಬರೇ ಗಾಳಿ ಬಿಟ್ಟೀನಿ. ಹಂಗಾದ್ರ ನನಗೂ ಅಲ್ಲ."

"ನಿಮ್ಮಾಗ ಯಾರನ್ನರ ಕೇಳಿರೇನ್ರೀ?"

"ಇಲ್ಲಪಾ. ಕೇಳಿದ್ರ ಬ್ಯಾಡ ಅಂದುಬಿಟ್ರ?"

ನಾನು ಚಾಪೆಯ ಅಂಚಿನಲ್ಲಿ ಕೂತೆ. ಭಾವನವರು ನನ್ನನ್ನು ನೋಡಲಿಲ್ಲ. ಟಾಕಿಯ ಕೆಳಗಿನ ತೋಟಿ ನೋಡುತ್ತ ಮಾತಾಡಿದರು.

"ಹದಿನಾರು ವರ್ಷ ಆಕಿ ಬಾಯಿ ಕೆಡಿಸಿ, ನಾ ವಿಭೂತಿ ಹಚ್ಕೊಂಡು ಕುಂತೆ. ಆಕಿ ಅಂಗಳದಾಗ ಕುಂತಳು, ನಾ ಸ್ವಾಮಿಗಳ ಬಾಜೂಕ ಕುಂತೆ. ಕಂಡಿತ್ತು ನನಗ. ಏಳಲಿಲ್ಲ. ಎದ್ದು ಹೊರಗ ಹೋಗಿದ್ರ ಏನಾಗ್ತಿತ್ತು? ಹೋಳಿಗಿ ಬಿಸಿ ಇತ್ತು, ಏಳಲಿಲ್ಲ. ಆಕಿ ಏನು ಮಾಡ್ತಿದ್ದಳು ಅಂತ ಒಮ್ಮೆರ ನನ್ನ ಬಾಯಿಗೆ ಗೊತ್ತಾಗಬೇಕಲ್ಲ. ಕೊಳ್ಳಾಗಿನ ಲಿಂಗಕ್ಕ ಕೊಟ್ಟ ಮಾತು ಮುರಿಯಾಕ ಆಗಂಗಿಲ್ಲ. ಅದಕ್ಕ ಕಾದೆ. ಇದು ಹುಳಿ ಆಗೂದನ್ನ ಕಾದೆ."

ಆರು ತಿಂಗಳು ಅರ್ಧ ರೊಟ್ಟಿಯಲ್ಲಿ, ನಮ್ಮೆಲ್ಲರ ಬೈಗುಳ ಕೇಳುತ್ತ, ತನ್ನ ಹೆಂಡತಿಯ ವೈನ್ ಕೆಡಲೆಂದು ಕಾದು ಕೂತ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ?

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅಕ್ಕ ಬಿಟ್ಟು ಹೋದ ಜೋಳದ ಹಿಟ್ಟು ಯಾವತ್ತೋ ಮುಗಿದಿರಬೇಕು, ಇದು ಹುಸೇನಸಾಬರ ಮನೆಯಿಂದ ಬಂದದ್ದು. ಮೊದಲ ರೊಟ್ಟಿ ಹರಿಯಿತು. ಹರಿದದ್ದನ್ನೇ ಬೇಯಿಸಿದೆ. ಉಳ್ಳಾಗಡ್ಡಿ ಹೆಚ್ಚಿದೆ. ಹುಸೇನಸಾಬರು ತೋಟಿ ತಿರುವಿ ಬಟ್ಟಲಿಗೆ ಹಿಡಿದರು. ಕೆಂಪಗೆ, ತೆಳ್ಳಗೆ ಬಂತು, ಕಣ್ಣು ಉರಿಸುವಂಥ ಘಾಟು. ಅವರು ಬಿಸ್ಮಿಲ್ಲಾ ಎಂದರು. ಭಾವನವರು ಲಿಂಗವನ್ನು ಒಮ್ಮೆ ಎದೆಗೆ ಒತ್ತಿಕೊಂಡರು. ಇಬ್ಬರೂ ಒಂದೇ ಸಲಕ್ಕೆ ರೊಟ್ಟಿ ಅದ್ದಿ ಬಾಯಿಗಿಟ್ಟರು.

ಹುಸೇನಸಾಬರು ಕೆಮ್ಮಿ ಕೆಮ್ಮಿ ಬಾಗಿಲಿಗೆ ಓಡಿದರು. ಭಾವನವರ ಮುಖ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಂಡಿತು. ಎರಡೂ ಹುಬ್ಬು ಮೇಲೆ ಹೋದವು, ಮತ್ತೆ ಇಳಿಯಲೇ ಇಲ್ಲ. ಬಹಳ ಹೊತ್ತು ಅಗಿದರು. ನುಂಗಿದರು.

"ಭಾಳ ಕೆಟ್ಟೈತಿ," ಎಂದರು.

ಕಣ್ಣಿನಿಂದ ಗಲ್ಲದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ತಾಟಿನಲ್ಲಿ ಉಳಿದ ರೊಟ್ಟಿಯನ್ನೂ ಚೂರು ಚೂರಾಗಿ ಅದ್ದಿ ತಿಂದು ಮುಗಿಸಿ, ನನ್ನ ಕಡೆ ತಲೆಯೆತ್ತಿದರು.

"ಇನ್ನೊಂದು ಬಡೀವಾ."